ಐಹೊಳೆಗೆ ಒಂದು ದಿನ

ದುಡಿಮೆಯಷ್ಟೇ ವಿರಾಮವೂ ಮನುಷ್ಯನಿಗೆ ಅಗತ್ಯವೆಂಬ ಮಾತನ್ನು ಅಲ್ಲಗಳೆಯುವವರಿಲ್ಲ. ಆದರೆ ವಿರಾಮಕ್ಕೂ ಬೆಲೆಯುಂಟು. ತಿಂಗಳ ಸಂಬಳ ಪಡೆಯುವವನು ಒಂದು ದಿನ ರಜೆ ಹಾಕಿದರೂ ಆ ದಿನದ ಸಂಬಳ ಅವನ ಕೈಸೇರುತ್ತದೆ. ಮನೆಯಲ್ಲಿಯೇ ಮಗ್ಗ ಹೂಡಿಕೊಂಡು ಸೀರೆಗೆ ಇಷ್ಟೆಂದು ಕೂಲಿ ಪಡೆಯುವ ನೇಕಾರನು ಲಾಳಿಯನ್ನು ಕೆಳಗಿಟ್ಟರೆ ಆ ದಿನದ ಕೂಲಿ ಹುಟ್ಟುವುದೇ ಇಲ್ಲ. ಅವನು ಪ್ರವಾಸ ಹೊರಟರೆ ಎರಡು ಸಲ ಹಣ ತೆತ್ತಂತೆ. ದಾರಿಯ ಖರ್ಚು ಒಂದು, ನಿಂತ ಮಗ್ಗದ ನಷ್ಟ ಇನ್ನೊಂದು. ಸೀರೆಗೆ ಹೆಸರಾದ ಇಳಕಲ್ಲಿನಲ್ಲಿ ಇಂಥ ಮನೆಗಳು ಅನೇಕ. ಅಂಥದೊಂದು ಮನೆಯವರು ತಮ್ಮ ಅಳತೆಗೆ ತಕ್ಕ ವಿರಾಮವನ್ನು ಹೇಗೆ ಯೋಜಿಸಿಕೊಳ್ಳಬಹುದೆಂಬುದನ್ನು ಒಂದು ಕಲ್ಪಿತ ಕುಟುಂಬದ ಮೂಲಕ ಇಲ್ಲಿ ನೋಡಬಹುದು.

ಆ ಮನೆಯಲ್ಲಿ ಐವರು. ತಂದೆ ಕುಣಿಮಗ್ಗದಲ್ಲಿ ಕುಳಿತು ನೇಯುವವರು. ತಾಯಿ ಅಡಿಗೆ, ನೀರು, ದನದ ಕೆಲಸಗಳ ನಡುನಡುವೆ ಕಂಡಿಕೆ ಸುತ್ತಿ, ಹಾಸಿನ ಎಳೆ ಕೂಡಿಸಿ ಮಗ್ಗ ನಡೆಯುವಂತೆ ನೋಡಿಕೊಳ್ಳುವವರು. ಮೊಣಕಾಲು ನೋವಿನ ಅಜ್ಜಿ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು, ಹನ್ನೊಂದು ವರ್ಷದ ಮಗ. ಈ ಐವರೂ ಒಟ್ಟಾಗಿ ಊರು ಬಿಟ್ಟು ಹೋದದ್ದೆಂದರೆ ನೆಂಟರ ಮದುವೆಗೆ ಮಾತ್ರ. ಮದುವೆಮನೆಯಲ್ಲಿ ತಾಯಿಗೆ ದೊರೆಯುವ ವಿರಾಮವೆಷ್ಟೆಂಬುದು ಎಲ್ಲರಿಗೂ ತಿಳಿದದ್ದೇ.

ಪ್ರವಾಸದ ಮಾತು ಎತ್ತಿದವನು ಮಗ. ಸೀರೆ ವ್ಯಾಪಾರಿಯ ಅಂಗಡಿಯಲ್ಲಿ ತೂಗುಹಾಕಿದ್ದ ಒಂದು ದಿನದರ್ಶಿಕೆಯ ಚಿತ್ರ ಅವನ ಕಣ್ಣಿಗೆ ಬಿದ್ದಿತ್ತು. ದಟ್ಟವಾದ ಕಾಡು, ಅದರ ನಡುವೆ ಮರದ ಚಿಕ್ಕ ಚಿಕ್ಕ ಮನೆಗಳು, ಮನೆಯ ಮುಂದೆ ಜೋಕಾಲಿ. ಅಂಥ ಕಾಡಿನ ವಿಹಾರಗ್ರಾಮಕ್ಕೆ ಹೋಗಬೇಕೆಂದು ಅವನ ಹಟ.

ಬಾಲಕನ ಆಸೆ ವಿಚಿತ್ರವೇನೂ ಅಲ್ಲ. ಪಟ್ಟಣದ ಗದ್ದಲದಿಂದ ಬೇಸತ್ತವರಿಗಾಗಿ ಕಾಡಿನಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಡುವ ಪದ್ಧತಿ ಬೇರೆ ಬೇರೆ ದೇಶಗಳಲ್ಲಿ ಬೆಳೆದಿದೆ. ನೆದರ್ಲೆಂಡ್ಸ್ ದೇಶದಲ್ಲಿ ಕ್ರೀಡಾಸಾಮಗ್ರಿಗಳ ವ್ಯಾಪಾರಿಯಾಗಿದ್ದ ಪೀಟ್ ಡರ್ಕ್‌ಸೆನ್ ಎಂಬವನು 1968ರಲ್ಲಿ ಮರಗಳ ನಡುವೆ ಇಂಥದೊಂದು ವಿಹಾರಗ್ರಾಮವನ್ನು ತೆರೆದನು. ಕುಟುಂಬಗಳು ಅಲ್ಲಿ ತಾವೇ ಅಡಿಗೆ ಮಾಡಿಕೊಂಡು ಕಡಿಮೆ ಖರ್ಚಿನಲ್ಲಿ ಇರಬಹುದಾಗಿತ್ತು. (ಆ ಅಡಿಗೆಯನ್ನು ಯಾರು ಮಾಡುತ್ತಿದ್ದರೆಂಬ ಪ್ರಶ್ನೆ ಬೇರೆ.) ಕರ್ನಾಟಕದಲ್ಲಿ 1980ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ಸ್ಥಾಪನೆಯಾಯಿತು. ನಾಗರಹೊಳೆಯ ಅಂಚಿನಲ್ಲಿ, ಕಬಿನಿಯ ದಡದಲ್ಲಿ ಅದರ ಹೆಸರಾಂತ ವಿಹಾರಧಾಮವಿದೆ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯ ಸಮೀಪ ಕುಳಗಿಯಲ್ಲಿ ಅರಣ್ಯ ಇಲಾಖೆಯು ಪ್ರಕೃತಿ ಶಿಬಿರವನ್ನು ನಡೆಸುತ್ತ ಬಂದಿದೆ.

ತಂದೆ ದಾಂಡೇಲಿಯ ಮಾತನ್ನು ಒಮ್ಮೆಲೇ ತಳ್ಳಿಹಾಕಲಿಲ್ಲ. ಮಗಳಿಗೆ ಒಂದು ಹಳೆಯ ನೋಟುಬುಕ್ಕು ಕೊಟ್ಟು ಲೆಕ್ಕ ಬರೆಯಲು ಹೇಳಿದರು. ಇಳಕಲ್ಲಿನಿಂದ ದಾಂಡೇಲಿ ಇನ್ನೂರು ಕಿಲೋಮೀಟರಿಗೂ ದೂರ. ಹೋಗಲು ಒಂದು ದಿನ, ಬರಲು ಒಂದು ದಿನ, ನಡುವೆ ಎರಡು ದಿನವಾದರೂ ಇರದಿದ್ದರೆ ಹೋದದ್ದು ವ್ಯರ್ಥ. ನಾಲ್ಕು ದಿನ ಮಗ್ಗ ನಿಲ್ಲಬೇಕು, ಮೂರು ರಾತ್ರಿ ವಸತಿಗೆ ಹಣ ಕೊಡಬೇಕು, ಹಸುವನ್ನು ನೋಡಿಕೊಳ್ಳಲು ಯಾರನ್ನಾದರೂ ಒಪ್ಪಿಸಬೇಕು. ಮಗಳು ಕೂಡಿಸಿ ಮೊತ್ತ ಬರೆದಳು. ಅದನ್ನು ನೋಡಿ ಮಗನು ಏನೂ ಮಾತನಾಡದೆ ಎದ್ದುಹೋದನು.

ಕೂಲಿಯನ್ನು ಕಳೆದುಕೊಳ್ಳದೆ ಬಿಡುವು ಪಡೆಯುವುದು ದುಡಿಯುವವರಿಗೆ ಸುಲಭವಾಗಿ ದೊರೆತ ಹಕ್ಕಲ್ಲ. ಫ್ರಾನ್ಸ್ ದೇಶದಲ್ಲಿ 1936ರಲ್ಲಿ ಕಾರ್ಮಿಕರ ದೊಡ್ಡ ಮುಷ್ಕರಗಳ ಫಲವಾಗಿ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ಕಾನೂನಾಯಿತು; ಆ ಬೇಸಿಗೆಯಲ್ಲಿ ಎಷ್ಟೋ ಕುಟುಂಬಗಳು ಮೊದಲ ಬಾರಿಗೆ ಸಮುದ್ರವನ್ನು ಕಂಡವು. ಇಂಗ್ಲೆಂಡಿನಲ್ಲಿ 1938ರಲ್ಲಿ ಅಂಥದೇ ಕಾನೂನು ಬಂದಿತು. ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕನಿಗೆ ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನದಂತೆ ಕೂಲಿಸಹಿತ ರಜೆಯನ್ನು ಗೊತ್ತುಮಾಡಿತು. ಆದರೆ ಕಾನೂನಿನ ಆ ನೆರಳು ಕಾರ್ಖಾನೆಯ ಗೋಡೆಯೊಳಗೆ ಮಾತ್ರ ಬೀಳುತ್ತಿತ್ತು. ಪಡಸಾಲೆಯಲ್ಲಿ ಕುಣಿ ತೋಡಿ ಮಗ್ಗ ಹೂಡಿದವನ ಬಿಡುವನ್ನು ಅವನೇ ಹುಡುಕಿಕೊಳ್ಳಬೇಕು.

ಹುಡುಕಿದರೆ ನೇಕಾರಿಕೆಯೊಳಗೇ ಒಂದು ಬಿಡುವಿದೆ. ಇಳಕಲ್ಲ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೊಂದು ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ವಿಧಾನಕ್ಕೆ ತೋಪುತೆನಿ ಎನ್ನುತ್ತಾರೆ. ಹೀಗೆ ನೇಯುವಾಗ ಒಂದು ಸೀರೆ ಮುಗಿದ ಮೇಲೆ ಮುಂದಿನ ಸೀರೆಗೆ ಹೊಸ ಹಾಸನ್ನು ಸಿದ್ಧಪಡಿಸಬೇಕಾಗುತ್ತದೆ. ಒಂದು ಸೀರೆ ಇಳಿದು ಇನ್ನೊಂದು ಮಗ್ಗಕ್ಕೇರುವ ನಡುವಿನ ದಿನದಲ್ಲಿ ಹೊರಟರೆ ನಷ್ಟ ಕಡಿಮೆ. ತಂದೆ ಎಣಿಸಿ ನೋಡಿದರು. ಡಿಸೆಂಬರಿನ ಎರಡನೆಯ ವಾರದಲ್ಲಿ ಆ ದಿನವು ರವಿವಾರಕ್ಕೆ ಕೂಡಿಬರುವಂತಿತ್ತು. ಮಕ್ಕಳಿಗೆ ಶಾಲೆಯಿಲ್ಲ, ಬಿಸಿಲಿನ ಝಳವೂ ಇಲ್ಲ.

ಒಂದೇ ದಿನ ಎಂದ ಮೇಲೆ ಎಲ್ಲಿಗೆ? "ಐಹೊಳಿಗೆ ಹೋಗೂಣು" ಎಂದು ಅಜ್ಜಿ ಹೇಳಿದರು.

ಮಕ್ಕಳಿಬ್ಬರಿಗೂ ನಿರಾಶೆಯಾಯಿತು. ಐಹೊಳೆಯು ಹುನಗುಂದ ತಾಲ್ಲೂಕಿನ ಊರು. ಬಸ್ಸಿನ ಫಲಕದ ಮೇಲೆ ದಿನವೂ ಕಾಣುವ ಹೆಸರು. ದೂರದ ದೇಶಗಳಿಂದ ಜನ ವಿಮಾನವೇರಿ ಅದನ್ನು ನೋಡಲು ಬರುತ್ತಾರೆಂಬುದು ಪಾಠದಲ್ಲಿ ಓದಿದ ಸಂಗತಿ. ಆದರೂ ಹತ್ತಿರದ್ದು ಪ್ರವಾಸವೆಂದು ತೋರುವುದಿಲ್ಲ. ಅಜ್ಜಿಗೆ ಮಾತ್ರ ಬೇರೆ ಕಾರಣವಿತ್ತು. ಮದುವೆಯಾದ ವರ್ಷ ಚಕ್ಕಡಿಯಲ್ಲಿ ಆ ಊರನ್ನು ಹಾದುಹೋಗಿದ್ದರು. ಇಳಿದು ನೋಡಲು ಯಾರೂ ಚಕ್ಕಡಿ ನಿಲ್ಲಿಸಿರಲಿಲ್ಲ.

ಮಗಳು ಉತ್ಸಾಹ ತಂದುಕೊಂಡು ಹೊಸ ಪುಟದಲ್ಲಿ ಪಟ್ಟಿ ಬರೆದಳು. ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬಾದಾಮಿ, ಬನಶಂಕರಿ, ಬರುವಾಗ ಕೂಡಲಸಂಗಮ. ಇಷ್ಟನ್ನೂ ಒಂದು ದಿನದಲ್ಲಿ ನೋಡಬೇಕಾದರೆ ಮೋಟಾರು ಗಾಡಿಯೊಂದನ್ನು ಬಾಡಿಗೆಗೆ ಹಿಡಿಯಬೇಕು. ಹಿಡಿದರೂ ಒಂದೊಂದು ಕಡೆ ಇಳಿದು ಹತ್ತುವುದರಲ್ಲಿಯೇ ಹೊತ್ತು ಮುಗಿಯುತ್ತದೆ. ಪ್ರವಾಸ ಹೋಗಿಬಂದವರಲ್ಲಿ ಅನೇಕರು ಎಷ್ಟು ಸ್ಥಳ ನೋಡಿದೆವೆಂದು ಎಣಿಸಿ ಹೇಳುತ್ತಾರೆಯೇ ಹೊರತು ಏನು ನೋಡಿದೆವೆಂದು ಹೇಳಲಾರರು. ತಂದೆ ಪಟ್ಟಿಯ ಮೇಲಿನ ಮೊದಲ ಹೆಸರನ್ನು ಬಿಟ್ಟು ಉಳಿದುವಕ್ಕೆಲ್ಲ ಅಡ್ಡಗೆರೆ ಎಳೆದರು. ಗಾಡಿಯ ಬಾಡಿಗೆಯೂ ಅದರೊಡನೆ ಅಳಿಸಿಹೋಯಿತು.

ಉಳಿದದ್ದು ಬಸ್ಸಿನ ಲೆಕ್ಕ. ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಕಲ್ಪಿಸುವ ಶಕ್ತಿ ಯೋಜನೆಯು 2023ರ ಜೂನ್ 11ರಂದು ಆರಂಭವಾಯಿತು. ಗುರುತಿನ ಚೀಟಿಯನ್ನು ತೋರಿಸಿದರೆ ನಿರ್ವಾಹಕನು ಶೂನ್ಯ ಮೊತ್ತದ ಟಿಕೆಟ್ಟನ್ನು ಹರಿದುಕೊಡುತ್ತಾನೆ. ಅಜ್ಜಿ, ತಾಯಿ, ಮಗಳು ಮೂವರಿಗೂ ಶೂನ್ಯ. ಹನ್ನೆರಡು ತುಂಬದ ಮಗನಿಗೆ ಅರ್ಧ ಟಿಕೆಟ್ಟು, ತಂದೆಗೆ ಪೂರ್ಣ. ಐವರ ಪ್ರಯಾಣ ಒಂದೂವರೆ ಟಿಕೆಟ್ಟಿನಲ್ಲಿ ಮುಗಿಯುತ್ತದೆ. ದುರ್ಗ ದೇವಾಲಯದ ಆವರಣಕ್ಕೆ ಪುರಾತತ್ತ್ವ ಇಲಾಖೆಯ ಪ್ರವೇಶ ಶುಲ್ಕವಿದ್ದರೂ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದಿಲ್ಲ. ಆವರಣದಲ್ಲಿಯೇ ಇರುವ ವಸ್ತುಸಂಗ್ರಹಾಲಯ ಶುಕ್ರವಾರ ಮುಚ್ಚಿರುತ್ತದೆ. ಹೊರಡುವುದು ರವಿವಾರವಾದ್ದರಿಂದ ಆ ಚಿಂತೆಯಿರಲಿಲ್ಲ. ತಂದೆ ನಿಲ್ದಾಣಕ್ಕೆ ಹೋಗಿ, ಹೋಗುವ ಬಸ್ಸಿಗಿಂತ ಮೊದಲು ಐಹೊಳೆಯಿಂದ ಸಂಜೆ ಮರಳುವ ಬಸ್ಸಿನ ವೇಳೆಯನ್ನು ವಿಚಾರಿಸಿಕೊಂಡು ಬಂದರು. ಚಿಕ್ಕ ಊರುಗಳಿಗೆ ಹೋಗುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಅದೇ.

ಅಂದು ರಾತ್ರಿ ಮಗಳು ಲೆಕ್ಕವನ್ನು ಗಟ್ಟಿಯಾಗಿ ಓದಿದಳು. ಬಸ್ಸು ಇಷ್ಟು, ಪ್ರವೇಶ ಇಷ್ಟು, ಚಹಾ ಇಷ್ಟು, ಬರುವಾಗ ಅಮೀನಗಡದಲ್ಲಿ ಕರದಂಟು ಇಷ್ಟು. ಊಟದ ಮುಂದೆ ಶೂನ್ಯ ಬರೆದಿದ್ದಳು.

"ಊಟಕ್ಕ ಏನೂ ಇಲ್ಲಲ್ಲ?" ಎಂದು ಅಜ್ಜಿ ಕೇಳಿದರು.

"ಅವ್ವ ರೊಟ್ಟಿ ಮಾಡಿ ಕಟ್ಟಿಕೊಡ್ತಾಳ, ಅಜ್ಜಿ. ಅದಕ್ಕ ರೊಕ್ಕ ಬೀಳಂಗಿಲ್ಲ."

"ಐದು ಮಂದಿಗೆ, ಎರಡು ಹೊತ್ತಿಗೆ ರೊಟ್ಟಿ. ಆರು ಗಂಟೆದ ಬಸ್ಸು. ನಿಮ್ಮವ್ವ ಎಷ್ಟಕ್ಕ ಏಳಬೇಕು ಅಂತ ಅದರಾಗ ಬರದೀಯೇನು?"

ಯಾರೂ ಮಾತನಾಡಲಿಲ್ಲ. ಎಣಿಸಿ ನೋಡಿದರೆ ಮೂರು ಗಂಟೆಗೇ ಒಲೆ ಹೊತ್ತಬೇಕು. ಹಿಂದಿನ ದಿನ ಪಲ್ಯದ ಸಿದ್ಧತೆ, ಮರಳಿ ಬಂದ ಮೇಲೆ ಪಾತ್ರೆ, ಬಟ್ಟೆ, ಹಸುವಿನ ಕೆಲಸ. ಐವರ ವಿರಾಮಕ್ಕೆಂದು ಬರೆದ ಲೆಕ್ಕದಲ್ಲಿ ವಿರಾಮ ನಾಲ್ವರಿಗೆ ಮಾತ್ರ ಇತ್ತು. ಲೆಕ್ಕ ತಪ್ಪಿರಲಿಲ್ಲ; ಕೂಡಿಸುವುದಕ್ಕೆ ಅಲ್ಲಿ ಅಂಕೆಯೇ ಇರಲಿಲ್ಲ.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ರೊಟ್ಟಿಯನ್ನು ಕೊಂಡುಕೊಳ್ಳೋಣವೆಂದರು. ಉತ್ತರ ಕರ್ನಾಟಕದ ಊರುಗಳಲ್ಲಿ ಖಡಕ್ ರೊಟ್ಟಿಯನ್ನು ಬಡಿದು ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಅನೇಕರಿದ್ದಾರೆ. ಆ ಓಣಿಯಲ್ಲಿಯೂ ಒಬ್ಬರಿದ್ದರು. ಆ ರೊಟ್ಟಿ ಎಷ್ಟೋ ದಿನ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಪುಡಿ ಮನೆಯಲ್ಲಿಯೇ ಇವೆ; ಮೊಸರು, ಬಾಳೆಹಣ್ಣು ದಾರಿಯಲ್ಲಿ ಸಿಗುತ್ತವೆ. ಆದರೆ ಇದನ್ನು ಒಪ್ಪದವರು ತಾಯಿಯೇ.

"ಮನಿಯಾಗ ಒಲಿ ಇಟಗೊಂಡು ರೊಟ್ಟಿ ಕೊಂಡು ತಿನ್ನೂದೇನು? ಮಂದಿ ಏನಂದಾರು?"

"ಒಂದಿನ ನಿನ್ನ ಒಲಿಗೂ ಸೂಟಿ ಇರಲಿ ಬಿಡವ್ವಾ" ಎಂದರು ಅಜ್ಜಿ.

ರೊಟ್ಟಿಯ ಹಣ ಎಲ್ಲಿಂದಲಾದರೂ ಬರಬೇಕಾಗಿತ್ತು. ಕರದಂಟಿನ ಮೊತ್ತವನ್ನು ಅರ್ಧಕ್ಕಿಳಿಸಲಾಯಿತು. ಮಗನು ದಾಂಡೇಲಿಯನ್ನು ಬಿಟ್ಟುಕೊಟ್ಟಾಗ ಅಳದವನು ಈಗ ಕಣ್ಣೊರೆಸಿಕೊಂಡನು. ಹಸುವಿಗೆ ಬೆಳಗಿನ ಮೇವು ನೀರನ್ನು ತಂದೆ, ಮನೆಯ ಕಸ ಮುಸುರೆಯನ್ನು ಮಗಳು ನೋಡಿಕೊಳ್ಳುವುದೆಂದು ನಿಶ್ಚಯವಾಯಿತು.

ನಿಶ್ಚಯಿಸಿದ ರವಿವಾರ ಅವರು ಹುನಗುಂದದ ಮೇಲೆ ಅಮೀನಗಡಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಐಹೊಳೆಗೆ ಹೊರಟರು. ದಾರಿಯ ಇಕ್ಕೆಲಗಳಲ್ಲಿ ಎರೆಯ ಹೊಲಗಳು. ಹಿಂಗಾರಿನ ಜೋಳ ಎದೆಯೆತ್ತರ ಬೆಳೆದು ನಿಂತಿತ್ತು. ಆ ಸೀಮೆಯಲ್ಲಿ ಚಿತ್ರದಲ್ಲಿರುವಂಥ ಕಾಡಿಲ್ಲ. ಕುರುಚಲು ಗಿಡಗಳ ನಡುವೆ ಕೆಂಪು ಮರಳುಗಲ್ಲಿನ ಬೆಟ್ಟಗಳು, ಅವುಗಳನ್ನು ಬಳಸಿ ಹರಿಯುವ ಮಲಪ್ರಭೆ. ಪರಶುರಾಮನು ಕೊಡಲಿಯನ್ನು ತೊಳೆದಾಗ ನದಿ ಕೆಂಪಾಯಿತೆಂದೂ, ಅದನ್ನು ಕಂಡವರು 'ಅಯ್ಯೋ ಹೊಳೆ' ಎಂದು ಕೂಗಿದ್ದರಿಂದ ಐಹೊಳೆಯಾಯಿತೆಂದೂ ಜನ ಹೇಳುತ್ತಾರೆ. ಶಾಸನಗಳಲ್ಲಿ ಕಾಣುವ ಹೆಸರು ಅಯ್ಯಾವೊಳೆ.

ಐಹೊಳೆಯಲ್ಲಿ ಮತ್ತು ಅದರ ಸುತ್ತಮುತ್ತ ನೂರಕ್ಕೂ ಹೆಚ್ಚು ದೇವಾಲಯಗಳಿವೆ. ಎಲ್ಲವನ್ನೂ ನೋಡುವ ಹಂಬಲವನ್ನು ಆ ಕುಟುಂಬ ಇಟ್ಟುಕೊಳ್ಳಲಿಲ್ಲ. ಮೊದಲು ದುರ್ಗ ದೇವಾಲಯ. ಈ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ. ಒಂದು ಕಾಲದಲ್ಲಿ ಈ ಕಟ್ಟಡ ಕೋಟೆಯ, ಎಂದರೆ ದುರ್ಗದ, ಭಾಗವಾಗಿದ್ದುದರಿಂದ ಬಂದದ್ದು. ಅದರ ಹಿಂಭಾಗ ಆನೆಯ ಬೆನ್ನಿನಂತೆ ದುಂಡಾಗಿದೆ. ಸುತ್ತಲೂ ಕಂಬಸಾಲಿನ ಪ್ರದಕ್ಷಿಣಾಪಥ. ಹೊರಗೆ ಬಿಸಿಲೇರುತ್ತಿದ್ದರೂ ಕಂಬಗಳ ಒಳಗೆ ಕಲ್ಲು ತಣ್ಣಗಿತ್ತು. ಅಜ್ಜಿ ಮಹಿಷಮರ್ದಿನಿಯ ಮುಂದೆ ನಿಂತು ಕೈಮುಗಿದರು, ವರಾಹನ ಮುಂದೆ ಕುಳಿತು ಕಾಲು ಒತ್ತಿಕೊಂಡರು. ಅವರಿಗೆ ಅವಸರವಿರಲಿಲ್ಲ. ಮುಂದಿನ ಊರಿಗೆ ಓಡಿಸುವ ಗಾಡಿಯೂ ಹೊರಗೆ ಕಾದಿರಲಿಲ್ಲ.

ಮಗನ ಕಣ್ಣರಳಿದ್ದು ಲಾಡ್‌ಖಾನ್ ಗುಡಿಯಲ್ಲಿ. ಅದರ ಇಳಿಜಾರಾದ ಮಾಡಿಗೆ ದೊಡ್ಡ ಹಾಸುಗಲ್ಲುಗಳನ್ನು ಹೊದಿಸಿ, ಸಂದುಗಳಲ್ಲಿ ನೀರಿಳಿಯದಂತೆ ಉದ್ದುದ್ದನೆಯ ಕಲ್ಲಿನ ತೊಲೆಗಳನ್ನು ಕೂಡಿಸಿದ್ದಾರೆ. ನೋಡಿದರೆ ಮರದ ದಿಮ್ಮಿಗಳನ್ನು ಸಾಲಾಗಿ ಮಲಗಿಸಿದಂತೆ ತೋರುತ್ತದೆ. ಮರದಲ್ಲಿ ಮನೆ ಕಟ್ಟುವ ಕ್ರಮವನ್ನೇ ಶಿಲ್ಪಿಗಳು ಕಲ್ಲಿಗೆ ತಂದರೆಂದು ವಿದ್ವಾಂಸರು ಹೇಳುತ್ತಾರೆ. ಈ ಗುಡಿ 5ನೆಯ ಶತಮಾನದ್ದೆಂದು ಮೊದಲು ಭಾವಿಸಿದ್ದರು. ಈಗ ಅನೇಕರು ಅದನ್ನು 7ನೆಯ ಶತಮಾನದ ಕೊನೆ ಅಥವಾ 8ನೆಯ ಶತಮಾನದ ಆರಂಭಕ್ಕೆ ತರುತ್ತಾರೆ. ಮಗನಿಗೆ ಶತಮಾನದ ಚಿಂತೆಯಿಲ್ಲ. "ಅಪ್ಪಾ, ಇದು ಕಲ್ಲಿಂದು ಕಟ್ಟಿಗಿ ಮನಿ!" ಎಂದು ಕೂಗಿ, ಕಂಬಗಳ ನಡುವೆ ಓಡಾಡಿ ಬಂದನು.

ಅದು ನಿಜವಾಗಿಯೂ ಮನೆಯಾಗಿತ್ತು. ಲಾಡ್‌ಖಾನ್ ಎಂಬುದು ಆ ಗುಡಿಯಲ್ಲಿ ವಾಸವಾಗಿದ್ದ ಒಬ್ಬನ ಹೆಸರು. ಐಹೊಳೆಯ ಗುಡಿಗಳ ಹೆಸರುಗಳನ್ನು ಕೇಳಿದರೆ ದೇವರಿಗಿಂತ ಮನುಷ್ಯರೇ ಹೆಚ್ಚು ಕೇಳಿಸುತ್ತಾರೆ. ಅಂಬಿಗೇರ ಗುಡಿ, ಬಡಿಗೇರ ಗುಡಿ, ಗೌಡರ ಗುಡಿ. ಪೂಜೆ ನಿಂತುಹೋದ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು, ದನ ಕಟ್ಟಿದ್ದರು, ಒಲೆ ಹೊತ್ತಿಸಿದ್ದರು. ಇದನ್ನು ಕೇಳಿದ ತಾಯಿ ಶಿಲ್ಪಗಳನ್ನು ಬಿಟ್ಟು, ಹೊಗೆ ಹೋಗಲು ದಾರಿಯೆಲ್ಲಿತ್ತೆಂದು ಛಾವಣಿಯನ್ನು ನೋಡುತ್ತ ಬಹಳ ಹೊತ್ತು ನಿಂತರು.

ಆವರಣದ ಒಳಗೆ ಬುತ್ತಿ ಬಿಚ್ಚುವುದು ಸರಿಯಲ್ಲವೆಂದು ಹೊರಬಂದು ಬೇವಿನ ಮರವೊಂದರ ಕೆಳಗೆ ಕುಳಿತರು. ಕೊಂಡ ರೊಟ್ಟಿಯನ್ನು ಮುರಿದು ರುಚಿ ನೋಡಿದ ತಾಯಿ, ತುಸು ದಪ್ಪವಾಯಿತೆಂದರು. ಬೇರೆ ದೋಷವನ್ನೇನೂ ಹೇಳಲಿಲ್ಲ.

ಮಧ್ಯಾಹ್ನ ಮೇಗುತಿಯ ಸರದಿ. ಬೆಟ್ಟದ ಮೇಲಿರುವುದರಿಂದ ಅದು ಮೇಲಿನ ಗುಡಿ, ಆಡುಮಾತಿನಲ್ಲಿ ಮೇಗುತಿ. ಮೆಟ್ಟಿಲು ಹತ್ತಲಾರದ ಅಜ್ಜಿ ಮರದ ಕೆಳಗೇ ಉಳಿದರು. ಅವರಿಗೆ ಜೊತೆಯಾಗಿ ತಾಯಿಯೂ ಉಳಿದರು. ತಂದೆ ಮಕ್ಕಳೊಡನೆ ಹತ್ತಿದರು. ನಡುದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಗುಹಾಲಯವಿದೆ. ಶಿಖರದಲ್ಲಿ ಜಿನಾಲಯ, ಅದರ ಗೋಡೆಯಲ್ಲಿ ರವಿಕೀರ್ತಿಯ ಪ್ರಸಿದ್ಧ ಸಂಸ್ಕೃತ ಶಾಸನ. ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ತಡೆದ ಸಂಗತಿಯನ್ನು ಹೇಳುವ ಈ ಶಾಸನ ಕಾಳಿದಾಸ ಭಾರವಿಯರ ಹೆಸರನ್ನೂ ಎತ್ತುತ್ತದೆ. ಲೆಕ್ಕದ ಪುಸ್ತಕ ಹಿಡಿದಿದ್ದ ಮಗಳಿಗೆ ಹಿಡಿಸಿದ್ದು ಬೇರೆಯೇ ವಿಷಯ. ರವಿಕೀರ್ತಿಯೂ ಲೆಕ್ಕ ಬರೆದಿದ್ದನು. ಭಾರತಯುದ್ಧ ಕಳೆದು 3735 ವರ್ಷ, ಶಕರಾಜರ ಕಾಲ 556 ವರ್ಷ ಎಂದು ಅವನು ಎರಡು ವಿಧದಲ್ಲಿ ಎಣಿಸಿ ಕೊಟ್ಟದ್ದರಿಂದಲೇ ಈ ಗುಡಿ ಕ್ರಿ.ಶ. 634ರ ವೇಳೆಗೆ ಸಿದ್ಧವಾಯಿತೆಂದು ಇಂದು ಖಚಿತವಾಗಿ ಹೇಳಬಹುದು. ಈ ಊರಿನ ಹೆಸರು ಹೊತ್ತ ವರ್ತಕ ಸಂಘ, ಅಯ್ಯಾವೊಳೆ ಐನೂರ್ವರು, ದಕ್ಷಿಣ ಭಾರತದಲ್ಲೆಲ್ಲ ವ್ಯಾಪಾರ ನಡೆಸಿತ್ತು. ಐನೂರ್ವರನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ದೂರದ ಸುಮಾತ್ರಾ ದ್ವೀಪದಲ್ಲಿ ದೊರೆತಿದೆ.

ಬೆಟ್ಟದ ಮೇಲಿನಿಂದ ಊರು ಪೂರ್ತಿ ಕಾಣುತ್ತದೆ. ಗುಡಿಗಳ ನಡುವೆ ಮನೆಗಳೋ ಮನೆಗಳ ನಡುವೆ ಗುಡಿಗಳೋ ಎಂದು ಹೇಳಲಾಗದಷ್ಟು ಹೆಣೆದುಕೊಂಡಿವೆ. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟಬಾರದೆಂದು ಕಾನೂನಿದೆ. 2010ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಊರನ್ನೇ ಬೇರೆಡೆಗೆ ಸ್ಥಳಾಂತರಿಸುವ ಯೋಚನೆ ಬಹುಕಾಲದಿಂದ ಮಾತಿನಲ್ಲಿದೆ. ಒಂದು ದಿನ ನೋಡಿಹೋಗುವವರಿಗೆ ಅದು ಸುಂದರವಾದ ನೋಟ. ಅಲ್ಲಿಯೇ ಬಾಳುವವರಿಗೆ ಗೋಡೆ ಕುಸಿದರೆ ಕಟ್ಟಿಕೊಳ್ಳುವ ಪ್ರಶ್ನೆ. ತಂದೆ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿದರು. ಯಾರು ಸರಿಯೆಂದು ಮಗ ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಕೆಳಗಿಳಿದು ಬಂದಾಗ ತಾಯಿ ಮರದ ಬೇರಿಗೆ ತಲೆಯಾನಿಸಿ ಗಾಢನಿದ್ರೆಯಲ್ಲಿದ್ದರು. ಪಕ್ಕದಲ್ಲಿ ಅಜ್ಜಿ ಸೆರಗಿನಿಂದ ನೊಣ ಓಡಿಸುತ್ತ ಕುಳಿತಿದ್ದರು. ಮಗನು ಎಬ್ಬಿಸಲು ಹೋದಾಗ ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು. ರಾವಣಫಡಿಯ ಗುಹೆಯಲ್ಲಿ ನರ್ತಿಸುವ ಶಿವನನ್ನು ನೋಡುವುದು ಇನ್ನೂ ಉಳಿದಿತ್ತು. ತಂದೆ ಗಡಿಯಾರ ನೋಡಿಕೊಂಡರು, ಮರಳುವ ಬಸ್ಸಿನ ವೇಳೆಯನ್ನು ಎಣಿಸಿದರು, ಆಮೇಲೆ ತಾವೂ ಸದ್ದಿಲ್ಲದೆ ಮರದ ಕೆಳಗೆ ಕುಳಿತರು. ರಾವಣಫಡಿ ಹಾಗೆಯೇ ಉಳಿಯಿತು.

ಸಂಜೆ ಅಮೀನಗಡದಲ್ಲಿ ಚಿಕ್ಕದೊಂದು ಕರದಂಟಿನ ಪೊಟ್ಟಣ ಕೊಂಡರು. ಐದು ಪಾಲಾದಾಗ ಅಜ್ಜಿ ತಮ್ಮ ಪಾಲನ್ನು ಹಲ್ಲಿಲ್ಲವೆಂದು ಹೇಳಿ ಮೊಮ್ಮಗನಿಗೆ ಕೊಟ್ಟರು. ಬಸ್ಸಿನಲ್ಲಿ ಮಗಳು ತಾಯಿಯನ್ನು, ಏನು ಚೆನ್ನಾಗಿತ್ತೆಂದು ಕೇಳಿದಳು.

"ನಾ ಏನು ನೋಡಿದೆ? ಛಲೋ ನಿದ್ದಿ ಬಂತು" ಎಂದು ತಾಯಿ ನಕ್ಕರು.

ಮರುದಿನ ಬೆಳಿಗ್ಗೆ ಎಂದಿನಂತೆ ಒಲೆ ಹೊತ್ತಿತು. ತಂದೆ ಹೊಸ ಹಾಸಿನ ಎಳೆಗಳನ್ನು ಕೂಡಿಸಲು ಕುಳಿತರು. ಮಗಳು ನೋಟುಬುಕ್ಕು ತೆರೆದು, ಉಳಿದ ಹಣವನ್ನು ಕೊನೆಯ ಸಾಲಿನಲ್ಲಿ ಬರೆದಳು. ಅದರ ಕೆಳಗೆ 'ಮುಂದಿನ ಸಲ: ರಾವಣಫಡಿ, ಪಟ್ಟದಕಲ್ಲು' ಎಂದು ಸೇರಿಸಿದಳು. ಶಾಲೆಯಿಂದ ಬಂದು ನೋಡಿದಾಗ ಆ ಸಾಲಿನ ಮುಂದೆ ಪೆನ್ಸಿಲಿನಲ್ಲಿ, ತಮ್ಮನ ಸೊಟ್ಟ ಅಕ್ಷರಗಳಲ್ಲಿ 'ದಾಂಡೇಲಿ' ಎಂದು ಬರೆದಿತ್ತು. ಅವಳು ಅದನ್ನು ಅಳಿಸಲಿಲ್ಲ.